ಹಳೆಯ ಮನೆಗಳ ವಿದ್ಯುತ್ ವೈರಿಂಗ್ ಬದಲಾವಣೆ: ಗೃಹಬಳಕೆದಾರರಿಗೆ ಮಾಹಿತಿ

1. ಪೀಠಿಕೆ

ಶಿವನಸಮುದ್ರದ ಜಲವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ತಲುಪಿತು. 1905ರಲ್ಲಿ ಬೆಂಗಳೂರಿನಲ್ಲಿಯೂ 1908ರಲ್ಲಿ ಮೈಸೂರಿನಲ್ಲಿಯೂ ವಿದ್ಯುದ್ದೀಪಗಳು ಬೆಳಗಿದವು. ಹೀಗೆ ವಿದ್ಯುತ್ತನ್ನು ಬಹಳ ಮೊದಲೇ ಕಂಡ ನಮ್ಮ ನಾಡಿನಲ್ಲಿ, ಹಲವು ದಶಕಗಳ ಹಿಂದೆ ಮಾಡಿಸಿದ ವೈರಿಂಗ್ ಅನ್ನೇ ಇಂದಿಗೂ ಬಳಸುತ್ತಿರುವ ಮನೆಗಳು ಕಡಿಮೆಯಿಲ್ಲ. ಹಳೆಯ ಪೇಟೆಗಳ ಸಾಲುಮನೆ, ಹಳ್ಳಿಗಳ ತೊಟ್ಟಿಮನೆ, ಮಲೆನಾಡು ಮತ್ತು ಕರಾವಳಿಯ ಹೆಂಚಿನ ಮನೆ, ಇವುಗಳಲ್ಲಿ ಬಹುಪಾಲು ಮನೆಗಳಿಗೆ ವೈರಿಂಗ್ ಮಾಡುವಾಗ ಉದ್ದೇಶಿಸಿದ್ದುದು ನಾಲ್ಕಾರು ದೀಪ, ಒಂದೆರಡು ಫ್ಯಾನ್ ಹಾಗೂ ಒಂದು ರೇಡಿಯೋ ಮಾತ್ರ. ಅದೇ ತಂತಿಗಳ ಮೇಲೆ ಈಗ ಗೀಸರ್, ಫ್ರಿಜ್, ಬಟ್ಟೆ ಒಗೆಯುವ ಯಂತ್ರ, ಮಿಕ್ಸರ್, ಗ್ರೈಂಡರ್, ಬಾವಿಯ ಪಂಪು ಮುಂತಾದವುಗಳ ಹೊರೆ ಬಿದ್ದಿದೆ.

ಇಂತಹ ಮನೆಗಳ ಮಾಲೀಕರು ಹಾಗೂ ನಿವಾಸಿಗಳು ವೈರಿಂಗ್ ಬದಲಾಯಿಸುವ ಮುನ್ನ ತಿಳಿದಿರಬೇಕಾದ ವಿಷಯಗಳನ್ನು ಈ ಪುಟದಲ್ಲಿ ನೀಡಲಾಗಿದೆ. ಸಾರ್ವಜನಿಕರು ಮುಖ್ಯವಾಗಿ ಗಮನಿಸಬೇಕಾದ ಅಂಶ ಇಷ್ಟು: ಗೋಡೆಯ ಮೇಲೆ ಕಾಣುವ ಸ್ವಿಚ್ಚು ಮತ್ತು ಫಲಕಗಳನ್ನು ಹೊಸದಾಗಿಸಿದ ಮಾತ್ರಕ್ಕೆ ಮನೆ ಸುರಕ್ಷಿತವಾಗುವುದಿಲ್ಲ. ಪ್ರಾಣವನ್ನು ಉಳಿಸುವುದು ಕಣ್ಣಿಗೆ ಕಾಣದ ಮೂರು ಅಂಗಗಳು, ಎಂದರೆ ಸರಿಯಾದ ಗಾತ್ರದ ತಂತಿ, ಭೂಸಂಪರ್ಕ ಮತ್ತು ಸೋರಿಕೆ ರಕ್ಷಣಾ ಸಾಧನ. ಈ ಮೂರೂ ಇಲ್ಲದ ವೈರಿಂಗ್ ಬದಲಾವಣೆ ಅಪೂರ್ಣವೆಂದೇ ತಿಳಿಯತಕ್ಕದ್ದು.

2. ವೈರಿಂಗ್ ಹಳೆಯದಾಗಿದೆ ಎಂಬುದನ್ನು ಗುರುತಿಸುವುದು ಹೇಗೆ?

ಈ ಕೆಳಗಿನ ಲಕ್ಷಣಗಳಲ್ಲಿ ಯಾವುದಾದರೂ ಕಂಡುಬಂದಲ್ಲಿ ವೈರಿಂಗ್ ಅನ್ನು ತಜ್ಞರಿಂದ ಪರೀಕ್ಷಿಸಿಕೊಳ್ಳುವುದು ಅವಶ್ಯಕ.

(ಅ) ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಹಾಯಿಸಿದ ತಂತಿ, ಅಥವಾ ಮುಚ್ಚಳವಿರುವ ಮರದ ಕೇಸಿಂಗ್ ಒಳಗೆ ಹಾಯಿಸಿದ ತಂತಿ.

(ಆ) ರಬ್ಬರ್ ಹೊದಿಕೆಯ ಮೇಲೆ ಹತ್ತಿಯ ನೂಲು ಹೆಣೆದ ತಂತಿ. ಕಾಲಕ್ರಮೇಣ ಈ ರಬ್ಬರ್ ಗಟ್ಟಿಯಾಗಿ, ಮುಟ್ಟಿದರೆ ಪುಡಿಯಾಗಿ ಉದುರುತ್ತದೆ.

(ಇ) ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್‌ಗಳು, ಅದರಲ್ಲಿಯೂ ಫೇಸ್ ಮತ್ತು ನ್ಯೂಟ್ರಲ್ ಎರಡಕ್ಕೂ ಫ್ಯೂಸ್ ಇರುವ ಫಲಕ. ನ್ಯೂಟ್ರಲ್‌ನ ಫ್ಯೂಸ್ ಮಾತ್ರ ಹೋದಲ್ಲಿ ದೀಪ ಆರುತ್ತದೆ, ಆದರೆ ತಂತಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಕರೆಂಟ್ ಇಲ್ಲವೆಂದು ಭಾವಿಸಿ ಮುಟ್ಟಿದವರು ಆಘಾತಕ್ಕೆ ಒಳಗಾಗುತ್ತಾರೆ.

(ಈ) ಎರಡೇ ರಂಧ್ರಗಳ ಸಾಕೆಟ್‌ಗಳು, ಅಥವಾ ಮೂರು ರಂಧ್ರಗಳಿದ್ದರೂ ಮೇಲಿನ ದೊಡ್ಡ ರಂಧ್ರಕ್ಕೆ ತಂತಿಯನ್ನೇ ಜೋಡಿಸದ ಸಾಕೆಟ್‌ಗಳು.

(ಉ) ಸ್ವಿಚ್ಚು ಅಥವಾ ಪ್ಲಗ್ ಬಿಸಿಯಾಗುವುದು, ಸುಟ್ಟ ವಾಸನೆ, ಫಲಕದ ಮೇಲೆ ಕಂದು ಕಲೆ, ಮೋಟಾರು ಚಾಲೂ ಮಾಡಿದಾಗ ದೀಪ ಮಂದವಾಗುವುದು, ಫ್ಯೂಸ್ ಪದೇ ಪದೇ ಹೋಗುವುದು.

(ಊ) ನಲ್ಲಿ, ಗ್ರೈಂಡರ್, ಫ್ರಿಜ್ ಅಥವಾ ಮಳೆಗಾಲದಲ್ಲಿ ಒದ್ದೆಯಾದ ಗೋಡೆಯನ್ನು ಮುಟ್ಟಿದಾಗ ಕೈ ಜುಮ್ಮೆನ್ನುವುದು. ಇದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ. ಕೂಡಲೇ ಮುಖ್ಯ ಸ್ವಿಚ್ಚನ್ನು ಆರಿಸಿ ಪರೀಕ್ಷೆ ಮಾಡಿಸತಕ್ಕದ್ದು.

ಹೆಂಚಿನ ಮನೆಗಳ ಅಟ್ಟದಲ್ಲಿ ಇಲಿ, ಅಳಿಲುಗಳು ತಂತಿಯ ಹೊದಿಕೆಯನ್ನು ಕಡಿದಿರುವ ಸಾಧ್ಯತೆ ಹೆಚ್ಚು. ಒಣಗಿದ ಮರ, ಜೇಡರ ಬಲೆ, ಶೇಖರಿಸಿದ ಸೌದೆ ಅಥವಾ ತೆಂಗಿನ ಗರಿ ಇರುವ ಕಡೆ ಒಂದು ಕಿಡಿಯೂ ಬೆಂಕಿಗೆ ಕಾರಣವಾಗಬಲ್ಲದು.

3. ತಂತಿಯ ಗಾತ್ರ ಮತ್ತು ಹೊರೆ

ನಮ್ಮ ಮನೆಗಳಿಗೆ ಸಾಮಾನ್ಯವಾಗಿ 230 ವೋಲ್ಟ್‌ನ ಏಕ ಫೇಸ್ ವಿದ್ಯುತ್ ಪೂರೈಕೆಯಾಗುತ್ತದೆ. ಉಪಕರಣದ ವ್ಯಾಟ್ ಸಂಖ್ಯೆಯನ್ನು 230ರಿಂದ ಭಾಗಿಸಿದರೆ ಅದು ಸೆಳೆಯುವ ವಿದ್ಯುತ್ ಪ್ರವಾಹದ ಅಂದಾಜು ದೊರೆಯುತ್ತದೆ. 40 ವ್ಯಾಟ್‌ನ ಬಲ್ಬು 0.2 ಆಂಪಿಯರ್‌ಗಿಂತಲೂ ಕಡಿಮೆ ಸೆಳೆದರೆ, 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆ 4 ಆಂಪಿಯರ್‌ಗೂ ಹೆಚ್ಚು, 2000 ವ್ಯಾಟ್‌ನ ಗೀಸರ್ ಸುಮಾರು 9 ಆಂಪಿಯರ್, 3000 ವ್ಯಾಟ್‌ನ ಗೀಸರ್ ಸುಮಾರು 13 ಆಂಪಿಯರ್ ಸೆಳೆಯುತ್ತವೆ. ದೀಪಕ್ಕೆಂದು ಹಾಕಿದ ತೆಳುವಾದ ತಂತಿಗೆ ಗೀಸರ್ ಜೋಡಿಸಿದರೆ ಏನಾಗುವುದೆಂಬುದನ್ನು ಈ ಲೆಕ್ಕವೇ ತಿಳಿಸುತ್ತದೆ.

ಹೀಗೆ ಹೊರೆ ಹೆಚ್ಚಿದಾಗ ಫ್ಯೂಸ್ ಕರಗುವುದು ಸಹಜ. ಅದನ್ನು ತಪ್ಪಿಸಲು ದಪ್ಪನಾದ ತಾಮ್ರದ ಎಳೆಗಳನ್ನು ಕಟ್ಟುವುದು, ಅಥವಾ 6 ಆಂಪಿಯರ್ ಎಂ.ಸಿ.ಬಿ. ಇದ್ದ ಕಡೆ 20 ಆಂಪಿಯರ್‌ನದನ್ನು ಹಾಕುವುದು ಅತ್ಯಂತ ಅಪಾಯಕರ. ಹಾಗೆ ಮಾಡಿದಲ್ಲಿ ಫ್ಯೂಸ್‌ಗೆ ಬದಲಾಗಿ ಗೋಡೆಯೊಳಗಿನ ತಂತಿಯೇ ಕಾಯ್ದು ಸುಡುತ್ತದೆ.

ಹೊಸ ವೈರಿಂಗ್‌ನಲ್ಲಿ ಪಾಲಿಸಬೇಕಾದ ಸಾಮಾನ್ಯ ಕ್ರಮ ಹೀಗಿದೆ.

(ಅ) ದೀಪ ಮತ್ತು ಫ್ಯಾನ್‌ಗಳ ಸರ್ಕ್ಯೂಟ್‌ಗೆ 1.5 ಚದರ ಮಿಲಿಮೀಟರ್ ತಾಮ್ರದ ತಂತಿ. ಒಂದು ಸರ್ಕ್ಯೂಟ್‌ನಲ್ಲಿ 10ಕ್ಕಿಂತ ಹೆಚ್ಚು ಪಾಯಿಂಟ್‌ಗಳಾಗಲೀ 800 ವ್ಯಾಟ್‌ಗಿಂತ ಹೆಚ್ಚು ಹೊರೆಯಾಗಲೀ ಇರಬಾರದು.

(ಆ) 16 ಆಂಪಿಯರ್ ಪವರ್ ಸಾಕೆಟ್‌ಗಳಿಗೆ ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ತಂತಿ. ಒಂದು ಸರ್ಕ್ಯೂಟ್‌ಗೆ ಎರಡಕ್ಕಿಂತ ಹೆಚ್ಚು ಪವರ್ ಪಾಯಿಂಟ್‌ಗಳು ಇರಬಾರದು ಮತ್ತು ಹೊರೆ 3000 ವ್ಯಾಟ್ ಮೀರಬಾರದು.

(ಇ) ಗೀಸರ್, ಹವಾನಿಯಂತ್ರಕ ಮುಂತಾದ ದೊಡ್ಡ ಉಪಕರಣಗಳಿಗೆ ಫಲಕದಿಂದಲೇ ಪ್ರತ್ಯೇಕ ಸರ್ಕ್ಯೂಟ್ ಮತ್ತು ಪ್ರತ್ಯೇಕ ಎಂ.ಸಿ.ಬಿ. ದೂರ ಹೆಚ್ಚಿದ್ದಲ್ಲಿ 4 ಚದರ ಮಿಲಿಮೀಟರ್ ತಂತಿಯನ್ನು ಆಯ್ದುಕೊಳ್ಳುವುದು ಸೂಕ್ತ.

(ಈ) ತಂತಿಯ ಬಣ್ಣ: ಫೇಸ್‌ಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲ್‌ಗೆ ಕಪ್ಪು, ಭೂಸಂಪರ್ಕಕ್ಕೆ ಹಸಿರು ಅಥವಾ ಹಸಿರು ಹಳದಿ ಪಟ್ಟೆ. ಈ ಕ್ರಮವನ್ನು ಮನೆಯುದ್ದಕ್ಕೂ ತಪ್ಪದೆ ಪಾಲಿಸತಕ್ಕದ್ದು.

(ಉ) ಸ್ವಿಚ್ಚು ಫೇಸ್ ತಂತಿಯಲ್ಲಿಯೇ ಇರತಕ್ಕದ್ದು. ನ್ಯೂಟ್ರಲ್‌ನಲ್ಲಿ ಸ್ವಿಚ್ಚು ಇದ್ದಲ್ಲಿ ಅದನ್ನು ಆರಿಸಿದ ಮೇಲೆಯೂ ಹೋಲ್ಡರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ.

ತಂತಿಯ ಮೇಲೆ ಐ.ಎಸ್.ಐ. ಗುರುತು ಹಾಗೂ ಐ.ಎಸ್. 694 ಎಂಬ ಮಾನಕ ಸಂಖ್ಯೆ ಮುದ್ರಿತವಾಗಿರುವುದನ್ನು ಖರೀದಿಸುವಾಗಲೇ ಪರಿಶೀಲಿಸುವುದು, ಬಿಲ್ಲನ್ನು ಕಾಯ್ದಿರಿಸುವುದು ಒಳಿತು. ಸುರುಳಿಯ ಪೊಟ್ಟಣದ ಮೇಲಿರುವ ಗಾತ್ರವೂ ತಂತಿಯ ಮೇಲೆ ಮುದ್ರಿಸಿರುವ ಗಾತ್ರವೂ ಒಂದೇ ಆಗಿರಬೇಕು.

4. ಭೂಸಂಪರ್ಕ

ಉಪಕರಣದ ಒಳಗಿನ ತಂತಿಯ ಹೊದಿಕೆ ಕೆಟ್ಟು ಅದರ ಲೋಹದ ಮೈಗೆ ವಿದ್ಯುತ್ ಹರಿದಾಗ, ಆ ವಿದ್ಯುತ್ತಿಗೆ ಭೂಮಿಗೆ ಹೋಗಲು ಸುಲಭವಾದ ದಾರಿಯೊಂದಿರಬೇಕು. ದಾರಿ ಇಲ್ಲದಿದ್ದಲ್ಲಿ, ಅದನ್ನು ಮುಟ್ಟಿದ ವ್ಯಕ್ತಿಯ ದೇಹವೇ ದಾರಿಯಾಗುತ್ತದೆ. ಭೂಸಂಪರ್ಕದ ಉದ್ದೇಶ ಇದೇ.

ಹಳೆಯ ಮನೆಗಳಲ್ಲಿ ಭೂಸಂಪರ್ಕವನ್ನು ನೀರಿನ ಕಬ್ಬಿಣದ ಕೊಳಾಯಿಗೆ ಜೋಡಿಸುತ್ತಿದ್ದುದುಂಟು. ಆ ಕೊಳಾಯಿಯ ಒಂದು ಭಾಗವನ್ನು ತೆಗೆದು ಪಿ.ವಿ.ಸಿ. ಪೈಪು ಹಾಕಿದ ದಿನವೇ ಆ ಸಂಪರ್ಕ ಕಡಿದುಹೋಗಿರುತ್ತದೆ. ಅಷ್ಟೇ ಅಲ್ಲದೆ, ಉಳಿದ ಕಬ್ಬಿಣದ ತುಂಡು ಹಾಗೂ ನಲ್ಲಿಗಳಿಗೆ ದೋಷದ ವಿದ್ಯುತ್ ಹರಿಯುವ ಅಪಾಯವೂ ಇರುತ್ತದೆ. ಮತ್ತೆ ಕೆಲವು ಕಡೆ ಸಾಕೆಟ್‌ನಲ್ಲಿಯೇ ನ್ಯೂಟ್ರಲ್ ಮತ್ತು ಭೂಸಂಪರ್ಕದ ರಂಧ್ರಗಳನ್ನು ತುಂಡು ತಂತಿಯಿಂದ ಜೋಡಿಸಿರುತ್ತಾರೆ. ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದಲ್ಲಿ ಫ್ರಿಜ್, ಗೀಸರ್‌ಗಳ ಮೈಗೆ ಪೂರ್ಣ 230 ವೋಲ್ಟ್ ಬರುತ್ತದೆ. ಇಂತಹ ಜೋಡಣೆ ಕಂಡಲ್ಲಿ ಪರವಾನಗಿ ಹೊಂದಿದವರಿಂದ ತಕ್ಷಣ ತೆಗೆಸತಕ್ಕದ್ದು.

ವೈರಿಂಗ್ ಬದಲಾಯಿಸುವಾಗ ಮನೆಗೆ ಸ್ವಂತ ಭೂಸಂಪರ್ಕ ಎಲೆಕ್ಟ್ರೋಡ್ ಹಾಕಿಸಿಕೊಳ್ಳುವುದು ಅವಶ್ಯಕ. ಪೈಪ್ ಎಲೆಕ್ಟ್ರೋಡ್ ಆದಲ್ಲಿ ಅದರ ಉದ್ದ 2.5 ಮೀಟರ್‌ಗೆ ಕಡಿಮೆ ಇರಬಾರದು. ಕಟ್ಟಡದಿಂದ ಕನಿಷ್ಠ 1.5 ಮೀಟರ್ ದೂರದಲ್ಲಿರಬೇಕು. ತೇವ ಉಳಿಯುವ ಜಾಗ ಉತ್ತಮ. ಬೇಸಿಗೆಯಲ್ಲಿ ನೆಲ ಒಣಗಿದಾಗ ರೋಧ ಹೆಚ್ಚುವುದರಿಂದ ನೀರು ಹಾಕಲು ಅನುಕೂಲವಾಗುವ ಗುಂಡಿ ಮತ್ತು ಮುಚ್ಚಳವಿರಬೇಕು. ಅಲ್ಲಿಂದ ಫಲಕಕ್ಕೂ, ಫಲಕದಿಂದ ಪ್ರತಿಯೊಂದು ಸಾಕೆಟ್‌ಗೂ ಭೂಸಂಪರ್ಕ ತಂತಿ ಎಲ್ಲಿಯೂ ಕಡಿಯದೆ ಸಾಗಬೇಕು.

5. ಸೋರಿಕೆ ರಕ್ಷಣಾ ಸಾಧನ

ಎಂ.ಸಿ.ಬಿ. ಇದ್ದರೆ ಸಾಕು, ಯಾರಿಗೂ ಆಘಾತವಾಗುವುದಿಲ್ಲ ಎಂಬ ನಂಬಿಕೆ ಸಾರ್ವಜನಿಕರಲ್ಲಿ ವ್ಯಾಪಕವಾಗಿದೆ. ಇದು ಸರಿಯಲ್ಲ. ಎಂ.ಸಿ.ಬಿ. ಮತ್ತು ಫ್ಯೂಸ್ ತಂತಿಯನ್ನು ರಕ್ಷಿಸುತ್ತವೆ, ಮನುಷ್ಯನನ್ನಲ್ಲ. 16 ಆಂಪಿಯರ್‌ನ ಎಂ.ಸಿ.ಬಿ. ಬೀಳಬೇಕಾದರೆ 16 ಆಂಪಿಯರ್‌ಗಿಂತ ಹೆಚ್ಚು ಪ್ರವಾಹ ಹರಿಯಬೇಕು. ಆದರೆ ಮನುಷ್ಯನ ಹೃದಯದ ಬಡಿತ ತಪ್ಪಲು ಒಂದು ಆಂಪಿಯರ್‌ನ ಸಣ್ಣದೊಂದು ಅಂಶವೇ ಸಾಕು.

ಭೂಸಂಪರ್ಕವೊಂದೇ ಇದ್ದರೂ ಸಾಲದು ಎಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಗೀಸರ್‌ನ ಮೈಗೆ ಫೇಸ್ ತಗುಲಿತು ಎಂದುಕೊಳ್ಳೋಣ. ವಿದ್ಯುತ್ ಭೂಮಿಯ ಮೂಲಕ ಟ್ರಾನ್ಸ್‌ಫಾರ್ಮರ್‌ಗೆ ಹಿಂದಿರುಗುವ ದಾರಿಯ ಒಟ್ಟು ರೋಧ 20 ಓಮ್ ಇದ್ದಲ್ಲಿ, ಹರಿಯುವ ಪ್ರವಾಹ 230 ಭಾಗಿಸು 20, ಅಂದರೆ 11.5 ಆಂಪಿಯರ್ ಮಾತ್ರ. 16 ಆಂಪಿಯರ್‌ನ ಎಂ.ಸಿ.ಬಿ. ಬೀಳುವುದಿಲ್ಲ. ಗೀಸರ್‌ನ ಮೈಯಲ್ಲಿ ಅಪಾಯಕರ ವೋಲ್ಟೇಜ್ ಹಾಗೆಯೇ ನಿಂತಿರುತ್ತದೆ.

ಆರ್.ಸಿ.ಸಿ.ಬಿ. ಎಂಬ ಸಾಧನ ಈ ಕೊರತೆಯನ್ನು ತುಂಬುತ್ತದೆ. ಫೇಸ್‌ನಲ್ಲಿ ಹೋದ ಪ್ರವಾಹವೂ ನ್ಯೂಟ್ರಲ್‌ನಲ್ಲಿ ಹಿಂದಿರುಗಿದ ಪ್ರವಾಹವೂ ಸಮನಾಗಿವೆಯೇ ಎಂಬುದನ್ನು ಅದು ಸದಾ ಹೋಲಿಸುತ್ತಿರುತ್ತದೆ. ವ್ಯತ್ಯಾಸ ಕಂಡರೆ, ಅಷ್ಟು ವಿದ್ಯುತ್ ಬೇರೆಲ್ಲಿಯೋ ಸೋರುತ್ತಿದೆ ಎಂದರ್ಥ. ಸಾಧನವು ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿಯುತ್ತದೆ. ಮನೆಗಳಿಗೆ 30 ಮಿಲಿ ಆಂಪಿಯರ್‌ನ ಸಾಧನ ಸೂಕ್ತ. ಇದು ಒಂದು ಆಂಪಿಯರ್‌ನ ನೂರರಲ್ಲಿ ಮೂರು ಭಾಗ. ಮನೆಯ ಹೊರೆ ಎಷ್ಟೇ ಕಡಿಮೆಯಿದ್ದರೂ ಇದನ್ನು ಅಳವಡಿಸಿಕೊಳ್ಳುವುದು ಒಳಿತು. ಸಾಧನದ ಮೇಲಿರುವ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಅದು ಬೀಳುತ್ತದೆಯೇ ಎಂದು ನೋಡತಕ್ಕದ್ದು. ಬೀಳದಿದ್ದಲ್ಲಿ ಅದನ್ನು ಬದಲಾಯಿಸಬೇಕು.

ಆರ್.ಸಿ.ಸಿ.ಬಿ. ಹೊರೆಯ ಹೆಚ್ಚಳವನ್ನು ಗುರುತಿಸುವುದಿಲ್ಲ. ಆದುದರಿಂದ ಅದರೊಂದಿಗೆ ಎಂ.ಸಿ.ಬಿ.ಗಳೂ ಇರಲೇಬೇಕು.

6. ಹಳೆಯ ಕಟ್ಟಡಗಳಲ್ಲಿ ವಿಶೇಷ ಎಚ್ಚರಿಕೆಗಳು

ಮಣ್ಣಿನ ಗೋಡೆ: ಮಣ್ಣಿನ ಅಥವಾ ಸುಣ್ಣದ ಗಾರೆಯ ಗೋಡೆಗಳಲ್ಲಿ ಆಳವಾಗಿ, ಅಡ್ಡಲಾಗಿ ಗಾಡಿ ಕೊರೆದಲ್ಲಿ ಗೋಡೆ ದುರ್ಬಲವಾಗುತ್ತದೆ. ಇಂತಹ ಕಡೆ ಗೋಡೆಯ ಹೊರಮೈಯಲ್ಲಿಯೇ ಪಿ.ವಿ.ಸಿ. ಕೊಳವೆ ಹಾಯಿಸುವುದು ಕ್ಷೇಮ. ಮುಂದೆ ದುರಸ್ತಿಗೂ ಇದು ಸುಲಭ.

ಮರದ ಮೇಲ್ಛಾವಣಿ: ತೊಲೆ, ಜಂತೆಗಳ ಮೇಲೆ ಬರಿಯ ತಂತಿಯನ್ನು ಹಾಯಿಸದೆ ಕೊಳವೆಯೊಳಗೆ ಹಾಯಿಸತಕ್ಕದ್ದು. ತಂತಿಗಳ ಗಂಟು ಜಂಕ್ಷನ್ ಪೆಟ್ಟಿಗೆಯಲ್ಲಿ ಮಾತ್ರ ಇರಬೇಕು. ಕೊಳವೆಯ ಒಳಗಾಗಲೀ ಗಾರೆಯ ಒಳಗಾಗಲೀ ಇರಕೂಡದು.

ಬಚ್ಚಲುಮನೆ: ಹಂಡೆಯ ಒಲೆಯಿದ್ದ ಬಚ್ಚಲಿಗೆ ಗೀಸರ್ ಹಾಕಿಸುವಾಗ ಸ್ವಿಚ್ಚು ಹೊರಗಡೆ ಇರಬೇಕು. ಬಕೆಟ್‌ನಲ್ಲಿ ನೀರು ಕಾಯಿಸುವ ರಾಡ್ ಚಾಲೂ ಇರುವಾಗ ನೀರನ್ನು ಮುಟ್ಟಿ ನೋಡಬಾರದು.

ಬಟ್ಟೆ ಒಣಹಾಕುವ ತಂತಿ: ಹಿತ್ತಲಿನಲ್ಲಿ ಕಟ್ಟಿದ ಕಬ್ಬಿಣದ ತಂತಿ ವಿದ್ಯುತ್ ತಂತಿಗಾಗಲೀ, ತಗಡಿನ ಮಾಡಿಗಾಗಲೀ, ಸರ್ವಿಸ್ ವಯರಿನ ಆಧಾರಕ್ಕಾಗಲೀ ತಗುಲಿದಲ್ಲಿ ಒದ್ದೆ ಬಟ್ಟೆ ಹರವುವವರ ಪ್ರಾಣಕ್ಕೆ ಅಪಾಯ. ಇದಕ್ಕೆ ನೈಲಾನ್ ಹಗ್ಗವನ್ನೇ ಬಳಸುವುದು.

ಪಾಲಾದ ಮನೆಗಳು: ಅಣ್ಣತಮ್ಮಂದಿರ ನಡುವೆ ಭಾಗವಾದ ಮನೆಗಳಲ್ಲಿ ಒಂದು ಭಾಗದ ದೀಪಕ್ಕೆ ಇನ್ನೊಂದು ಭಾಗದ ಫಲಕದಿಂದ ಫೇಸ್ ಅಥವಾ ನ್ಯೂಟ್ರಲ್ ಬಂದಿರುವುದುಂಟು. ಒಬ್ಬರು ಮುಖ್ಯ ಸ್ವಿಚ್ಚು ಆರಿಸಿ ಕೆಲಸ ಮಾಡುವಾಗಲೂ ಇನ್ನೊಬ್ಬರ ಕಡೆಯಿಂದ ವಿದ್ಯುತ್ ಬರುತ್ತಿರಬಹುದು. ಪ್ರತ್ಯೇಕ ಮೀಟರ್ ಪಡೆದಾಗ ವೈರಿಂಗ್ ಅನ್ನೂ ಸಂಪೂರ್ಣವಾಗಿ ಬೇರ್ಪಡಿಸಿಕೊಳ್ಳಬೇಕು. ಯು.ಪಿ.ಎಸ್. ಅಳವಡಿಸಿದ ಮನೆಗಳಲ್ಲಿಯೂ ವಿದ್ಯುತ್ ನಿಲುಗಡೆಯ ವೇಳೆ ಕೆಲವು ತಂತಿಗಳಲ್ಲಿ ವಿದ್ಯುತ್ ಇರುತ್ತದೆ ಎಂಬುದನ್ನು ಮರೆಯಬಾರದು.

7. ಕೆಲಸವನ್ನು ಯಾರಿಂದ ಮಾಡಿಸಬೇಕು?

ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತೆ ಮತ್ತು ವಿದ್ಯುತ್ ಪೂರೈಕೆ ವಿನಿಯಮಗಳು ಜಾರಿಯಲ್ಲಿವೆ. ದೀಪ, ಫ್ಯಾನ್, ಫ್ಯೂಸ್, ಸ್ವಿಚ್ಚುಗಳನ್ನು ಇದ್ದ ಹಾಗೆಯೇ ಬದಲಾಯಿಸುವಂತಹ ಸಣ್ಣ ಕೆಲಸಗಳನ್ನು ಹೊರತುಪಡಿಸಿ, ವೈರಿಂಗ್‌ನ ಸೇರ್ಪಡೆ, ಮಾರ್ಪಾಡು ಅಥವಾ ದುರಸ್ತಿಯನ್ನು ರಾಜ್ಯ ಸರ್ಕಾರದಿಂದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಕೆಲಸವು ಅರ್ಹತಾ ಪ್ರಮಾಣಪತ್ರವುಳ್ಳ ಮೇಲ್ವಿಚಾರಕರ ನೇರ ಉಸ್ತುವಾರಿಯಲ್ಲಿ, ಅನುಮತಿಪತ್ರವುಳ್ಳ ವೈರ್‌ಮನ್‌ಗಳಿಂದ ನಡೆಯಬೇಕು. ಈ ನಿಯಮ ಹೊಸದಲ್ಲ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿಯೂ ಇತ್ತು. ಕರ್ನಾಟಕದಲ್ಲಿ ಇಂತಹ ಪರವಾನಗಿಗಳನ್ನು ವಿದ್ಯುತ್ ಪರಿವೀಕ್ಷಣಾಲಯದ ಮೂಲಕ ನೀಡಲಾಗುತ್ತದೆ. ಕೆಲಸ ಒಪ್ಪಿಸುವ ಮುನ್ನ ಪರವಾನಗಿಯನ್ನು ಹಾಗೂ ಅದರ ಅವಧಿಯನ್ನು ಕೇಳಿ ನೋಡುವುದು ಗ್ರಾಹಕರ ಹಕ್ಕು.

ಮೀಟರ್‌ವರೆಗಿನ ಸರ್ವಿಸ್ ಮಾರ್ಗವು ವಿದ್ಯುತ್ ಸರಬರಾಜು ಕಂಪನಿಗೆ ಸೇರಿದ್ದು. ಮೀಟರ್‌ನ ನಂತರದ ವೈರಿಂಗ್‌ನ ಹೊಣೆ ಗ್ರಾಹಕರದು. ಮೀಟರ್‌ನ ಮೊಹರನ್ನು ಗ್ರಾಹಕರಾಗಲೀ ಗುತ್ತಿಗೆದಾರರಾಗಲೀ ಮುರಿಯುವಂತಿಲ್ಲ. ಮೀಟರ್ ಸ್ಥಳಾಂತರ ಬೇಕಾದಲ್ಲಿ ಕಂಪನಿಗೆ ಅರ್ಜಿ ಸಲ್ಲಿಸಬೇಕು.

8. ಅರ್ಜಿ ಮತ್ತು ಪರೀಕ್ಷೆಯ ಕ್ರಮ

(ಅ) ಗುತ್ತಿಗೆದಾರರಿಂದ ಮನೆಯ ಪರಿಶೀಲನೆ ಮಾಡಿಸಿ, ಪಾಯಿಂಟ್‌ಗಳ ಸಂಖ್ಯೆ, ತಂತಿಯ ಗಾತ್ರ ಮತ್ತು ಸಾಮಗ್ರಿಯ ವಿವರವಿರುವ ಲಿಖಿತ ಅಂದಾಜುಪಟ್ಟಿ ಪಡೆಯುವುದು.

(ಆ) ವಿದ್ಯುತ್ ಬಿಲ್ಲಿನಲ್ಲಿರುವ ಮಂಜೂರಾದ ಹೊರೆಯನ್ನು ಹೊಸ ಹೊರೆಯೊಂದಿಗೆ ಹೋಲಿಸುವುದು. ಹೊರೆ ಹೆಚ್ಚುವುದಾದಲ್ಲಿ, ಆರ್.ಆರ್. ಸಂಖ್ಯೆಯನ್ನು ನಮೂದಿಸಿ ಕಂಪನಿಯ ಉಪವಿಭಾಗ ಕಚೇರಿಗೆ ಹೆಚ್ಚುವರಿ ಹೊರೆಗಾಗಿ ಅರ್ಜಿ ಸಲ್ಲಿಸುವುದು. ಇದಕ್ಕೆ ಹೆಚ್ಚುವರಿ ಠೇವಣಿ ಪಾವತಿಸಬೇಕಾಗಬಹುದು. ಮಾಸಿಕ ನಿಗದಿತ ಶುಲ್ಕವೂ ಹೊರೆಗನುಗುಣವಾಗಿ ಹೆಚ್ಚುತ್ತದೆ.

(ಇ) ಕೆಲಸ ಮುಗಿದ ಮೇಲೆ, ವಿದ್ಯುತ್ ಹರಿಸುವ ಮುನ್ನ ಈ ಪರೀಕ್ಷೆಗಳನ್ನು ತಮ್ಮ ಎದುರಿನಲ್ಲಿಯೇ ಮಾಡಿಸುವುದು: ಭೂಸಂಪರ್ಕ ತಂತಿ ಅಖಂಡವಾಗಿದೆಯೇ, ಫೇಸ್, ನ್ಯೂಟ್ರಲ್‌ಗಳು ಸರಿಯಾದ ಸ್ಥಾನದಲ್ಲಿವೆಯೇ, ಭೂಸಂಪರ್ಕದ ರೋಧ ಎಷ್ಟು, ಮೆಗ್ಗರ್ ಉಪಕರಣದಿಂದ 500 ವೋಲ್ಟ್ ನೇರ ವಿದ್ಯುತ್ತನ್ನು ಒಂದು ನಿಮಿಷ ಪ್ರಯೋಗಿಸಿದಾಗ ತಂತಿಯ ಹೊದಿಕೆಯ ನಿರೋಧ ಎಷ್ಟು. ಈ ನಿರೋಧ 1 ಮೆಗಾ ಓಮ್‌ಗಿಂತ ಕಡಿಮೆಯಿರಬಾರದು.

(ಈ) ಗುತ್ತಿಗೆದಾರರು ಸಹಿ ಮಾಡಿದ ಪೂರ್ಣಗೊಳಿಕೆ ಹಾಗೂ ಪರೀಕ್ಷಾ ವರದಿಯನ್ನು ಪಡೆದು, ಅದರ ಪ್ರತಿಯನ್ನು ವೈರಿಂಗ್ ನಕ್ಷೆಯೊಂದಿಗೆ ಮನೆಯ ಪತ್ರಗಳ ಜೊತೆ ಇಟ್ಟುಕೊಳ್ಳುವುದು.

9. ಒಮ್ಮೆಲೇ ಖರ್ಚು ಮಾಡಲಾಗದವರಿಗೆ

ಇಡೀ ಮನೆಯ ವೈರಿಂಗ್ ಬದಲಾವಣೆಗೆ ಹಣ ಒದಗದಿದ್ದಲ್ಲಿ ಕೆಲಸವನ್ನು ಹಂತಹಂತವಾಗಿ ಮಾಡಿಸಬಹುದು. ಆದರೆ ಅನುಕ್ರಮ ಮುಖ್ಯ. ಮೊದಲ ಹಂತದಲ್ಲಿ ಭೂಸಂಪರ್ಕ, ಮುಖ್ಯ ಫಲಕ ಮತ್ತು ಆರ್.ಸಿ.ಸಿ.ಬಿ.; ಎರಡನೆಯ ಹಂತದಲ್ಲಿ ನೀರಿನ ಸಂಪರ್ಕವಿರುವ ಬಚ್ಚಲು, ಅಡುಗೆಮನೆ ಹಾಗೂ ಪಂಪಿನ ಸರ್ಕ್ಯೂಟ್‌ಗಳು; ಕೊನೆಯ ಹಂತದಲ್ಲಿ ಉಳಿದ ಕೋಣೆಗಳು. ಅಲಂಕಾರದ ಸ್ವಿಚ್ಚು ಫಲಕಗಳಿಗೆ ಮೊದಲೇ ಹಣ ವ್ಯಯಿಸಿ ಭೂಸಂಪರ್ಕವನ್ನು ಮುಂದಕ್ಕೆ ಹಾಕುವುದು ತರವಲ್ಲ. ಕೆಲಸ ಮುಗಿಯುವವರೆಗೆ ಹಳೆಯ ಸರ್ಕ್ಯೂಟ್‌ಗಳಿಗೆ ಗೀಸರ್, ಇಸ್ತ್ರಿಪೆಟ್ಟಿಗೆಗಳನ್ನು ಜೋಡಿಸಬಾರದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೊಸ ಆರ್.ಸಿ.ಸಿ.ಬಿ. ಪದೇ ಪದೇ ಬೀಳುತ್ತಿದೆ. ತೆಗೆಸಿಬಿಡಬಹುದೇ?
ಉತ್ತರ: ತೆಗೆಸಬಾರದು. ಹಳೆಯ ತಂತಿಯಲ್ಲಿ ಸೋರಿಕೆ, ಕೆಟ್ಟ ಉಪಕರಣ, ಅಥವಾ ಎರಡು ಸರ್ಕ್ಯೂಟ್‌ಗಳ ನ್ಯೂಟ್ರಲ್ ಬೆರೆತಿರುವುದು ಇದಕ್ಕೆ ಸಾಮಾನ್ಯ ಕಾರಣಗಳು. ಒಂದೊಂದೇ ಸರ್ಕ್ಯೂಟನ್ನು ಬೇರ್ಪಡಿಸಿ ದೋಷವನ್ನು ಪತ್ತೆ ಮಾಡಿಸಬೇಕು.

ಪ್ರಶ್ನೆ: ಮನೆಯಲ್ಲಿ ಅಲ್ಯೂಮಿನಿಯಂ ತಂತಿ ಇದೆ. ಅದಕ್ಕೆ ತಾಮ್ರದ ತಂತಿ ಸೇರಿಸಬಹುದೇ?
ಉತ್ತರ: ಎರಡು ಲೋಹಗಳನ್ನು ನೇರವಾಗಿ ಹೊಸೆದು ಮಾಡಿದ ಗಂಟು ಕಾಲಕ್ರಮೇಣ ಸಡಿಲವಾಗಿ ಬಿಸಿಯಾಗುತ್ತದೆ. ಆ ಸರ್ಕ್ಯೂಟನ್ನು ಪೂರ್ಣವಾಗಿ ತಾಮ್ರಕ್ಕೆ ಬದಲಾಯಿಸುವುದೇ ಸೂಕ್ತ.

ಪ್ರಶ್ನೆ: ಭೂಸಂಪರ್ಕವೇ ಇಲ್ಲದ ಮನೆಯಲ್ಲಿ ಆರ್.ಸಿ.ಸಿ.ಬಿ. ಉಪಯೋಗಕ್ಕೆ ಬರುವುದೇ?
ಉತ್ತರ: ವ್ಯಕ್ತಿಯ ದೇಹದ ಮೂಲಕ ಸೋರಿಕೆಯಾದಾಗ ಅದು ಸಂಪರ್ಕವನ್ನು ಕಡಿಯುತ್ತದೆ. ಆದರೆ ಭೂಸಂಪರ್ಕವಿದ್ದಲ್ಲಿ ಯಾರೂ ಮುಟ್ಟುವ ಮೊದಲೇ ಕಡಿಯುತ್ತದೆ. ಆದುದರಿಂದ ಎರಡೂ ಬೇಕು.

ಪ್ರಶ್ನೆ: ಬಾಡಿಗೆದಾರರು ಏನು ಮಾಡಬೇಕು?
ಉತ್ತರ: ದೋಷವನ್ನು ಮಾಲೀಕರಿಗೆ ಲಿಖಿತವಾಗಿ ತಿಳಿಸಬೇಕು. ಸ್ವತಃ ತಂತಿ ಎಳೆದುಕೊಳ್ಳಬಾರದು.

11. ಅಪಘಾತ ಸಂಭವಿಸಿದಲ್ಲಿ

ವಿದ್ಯುದಾಘಾತಕ್ಕೆ ಒಳಗಾದವರನ್ನು ಬರಿಗೈಯಿಂದ ಮುಟ್ಟಬಾರದು. ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಅದು ಸಾಧ್ಯವಾಗದಿದ್ದಲ್ಲಿ ಒಣಗಿದ ಮರದ ಕೋಲಿನಿಂದ ಮನೆಯ ತಂತಿಯನ್ನು ದೂರ ಸರಿಸಬೇಕು. ಬೀದಿಯ ಮಾರ್ಗದ ತಂತಿ ಕಡಿದು ಬಿದ್ದಿದ್ದಲ್ಲಿ ಅದರ ಹತ್ತಿರಕ್ಕೂ ಹೋಗದೆ, ಇತರರನ್ನೂ ದೂರ ನಿಲ್ಲಿಸಿ, ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಬೇಕು. ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬೇಕು. ವಿದ್ಯುತ್ ಅಪಘಾತಗಳ ಕುರಿತು 2003ರ ವಿದ್ಯುಚ್ಛಕ್ತಿ ಅಧಿನಿಯಮದ 161ನೇ ಕಲಮಿನ ಮೇರೆಗೆ ವಿದ್ಯುತ್ ಪರಿವೀಕ್ಷಕರಿಂದ ವಿಚಾರಣೆ ನಡೆಸಲು ಅವಕಾಶವಿದೆ.

ಸಾರ್ವಜನಿಕರು ತಮ್ಮ ಮನೆಯ ವೈರಿಂಗ್ ಅನ್ನು ನಿಯತಕಾಲಕ್ಕೆ, ವಿಶೇಷವಾಗಿ ಮಳೆಗಾಲ ಆರಂಭವಾಗುವ ಮುನ್ನ, ಪರೀಕ್ಷಿಸಿಕೊಂಡು ತಮ್ಮ ಹಾಗೂ ತಮ್ಮ ಕುಟುಂಬದವರ ಸುರಕ್ಷತೆಯನ್ನು ಕಾಪಾಡಿಕೊಳ್ಳಬೇಕೆಂದು ಕೋರಲಾಗಿದೆ.